ಗರಿದಿಂಬಿನ ಹಕ್ಕಿಯನ್ನು ನಂಬಿದವರು

ನವೆಂಬರ್ ಕೊನೆಯ ಒಂದು ಬೆಳಿಗ್ಗೆ ಸ್ಕಾರ್‌ವೀಕ್ ಶಾಲೆಯ ಗ್ರಂಥಾಲಯದ ಕಿಟಕಿಯಿಂದ ಹೊರಗೆ ನೋಡಿದ ಸಿನ್ನೊವೆ ಮೀರ್‌ಲ್ಯಾಂಡ್ ಅವರಿಗೆ ಚರ್ಚಿನ ಧ್ವಜ ಅರ್ಧಕ್ಕೆ ಇಳಿದಿರುವುದು ಕಂಡಿತು. ಊರಲ್ಲಿ ಯಾರೋ ತೀರಿಕೊಂಡಿದ್ದಾರೆ. ಯಾರೆಂದು ತಿಳಿಯಬೇಕಾದಾಗಲೆಲ್ಲ ಅವರು ಆರ್ಗನ್ ವಾದಕ ಹಾಲ್ವೋರ್ ಐಕ್ರೆಮ್ ಅವರಿಗೆ ಫೋನ್ ಮಾಡುತ್ತಿದ್ದರು. ಶವಸಂಸ್ಕಾರಕ್ಕೆ ನುಡಿಸುವವರಿಗೆ ಸುದ್ದಿ ಮೊದಲು ಮುಟ್ಟುತ್ತದೆ. ಆ ದಿನವೂ ಮಾಡಿದರು. ಫೋನ್ ಬಹಳ ಹೊತ್ತು ಹೊಡೆದುಕೊಂಡಿತು. ಅದು ಹೊಡೆದುಕೊಳ್ಳುತ್ತಿರುವಾಗಲೇ, ಯಾರೂ ಹೇಳದೆ, ಅವರಿಗೆ ತಿಳಿಯಿತು.

ನಿವೃತ್ತಿಯ ಸಂದರ್ಭದಲ್ಲಿ ಸಿನ್ನೊವೆ ಅವರಿಗೆ ಅರ್ಪಿಸುತ್ತಿರುವ ಈ ಗ್ರಂಥದಲ್ಲಿ ಸಾವಿನಿಂದ ಮಾತು ಆರಂಭಿಸುವುದು ಕೆಲವರಿಗೆ ಒಪ್ಪಿಗೆಯಾಗದೆ ಹೋಗಬಹುದು. ಆದರೆ ಅವರ ಸೇವೆಯನ್ನು ಹಾಲ್ವೋರರಿಂದ ಬಿಡಿಸಿ ಹೇಳಲು ಬರುವುದಿಲ್ಲ.

ಮಕ್ಕಳ ಹಳೆಯ ಅದ್ಭುತ ಕಥೆಗಳಿಂದ ತೆಗೆದ, ಒಮ್ಮೆ ತೋರಿಸಿ ಜನ ಮರೆತುಬಿಟ್ಟ ಸಿನಿಮಾಗಳ ಮೇಲೆ ಸಿನ್ನೊವೆ ಅವರಷ್ಟು ಅಕ್ಕರೆ ಇಟ್ಟವರು ನಮ್ಮ ಕರಾವಳಿಯಲ್ಲಿ ಇನ್ನೊಬ್ಬರಿಲ್ಲ. ಶಾಲೆಯ ಗ್ರಂಥಪಾಲಕಿಯಾಗಿ ಬಂದ ಹೊಸತರಲ್ಲಿ, ದೂರದರ್ಶನದ ಕಚೇರಿಯೊಂದು ತನ್ನ ಉಗ್ರಾಣವನ್ನು ಖಾಲಿ ಮಾಡುತ್ತಿದೆಯೆಂದು ಕೇಳಿ ಅವರು ನಗರಕ್ಕೆ ಹೋದರು. ಕಸಕ್ಕೆ ಹೋಗಲಿದ್ದ ಸಿನಿಮಾ ಸುರುಳಿಗಳನ್ನು ಬೇಡಿ ತಂದರು. ಊರಿಗೆ ಮರಳುವ ದೋಣಿಯಲ್ಲಿ ಅವನ್ನು ಮಡಿಲ ಮೇಲಿಟ್ಟುಕೊಂಡೇ ಕುಳಿತರು. ಅವುಗಳಲ್ಲಿ ಅವರ ಪ್ರಾಣವಾದದ್ದು ಪೂರ್ವದೇಶದ ಸಣ್ಣ ಸಂಸ್ಥೆಯೊಂದು ತೆಗೆದದ್ದು. ಹುಡುಗಿಯೊಬ್ಬಳು ಮುದಿ ಹಕ್ಕಿಯ ಬೆನ್ನೇರಿ ಸರೋವರದ ಕೆಳಗಿನ ರಾಜ್ಯಕ್ಕೆ ಹೋಗಿ ಬರುವ ಕಥೆ. ಹಕ್ಕಿಯನ್ನು ಗರಿದಿಂಬುಗಳಿಂದ ಮಾಡಿದ್ದರು, ಬೆಟ್ಟಗಳನ್ನು ಪರದೆಯ ಮೇಲೆ ಬರೆದಿದ್ದರು. ಗಾಳಿ ಬೀಸಿದರೆ ಬೆಟ್ಟ ನಡುಗುತ್ತಿತ್ತು.

ಮುಂದೆ ಅದೇ ಕಥೆಯನ್ನು ಹಣ ಸುರಿದು ಮತ್ತೆ ತೆಗೆದರು. ಹಳೆಯದನ್ನು ಇನ್ನು ವಸ್ತುಸಂಗ್ರಹಾಲಯಕ್ಕೆ ಕೊಡಿ, ಹಕ್ಕಿಯ ದಾರ ಕಾಣುತ್ತದೆ ಎಂದು ಅಧ್ಯಾಪಕರ ಕೋಣೆಯಲ್ಲಿ ನಕ್ಕವರಿದ್ದರು. "ಕಾಣ್ಲಿ ಬಿಡಿ," ಎಂದರು ಸಿನ್ನೊವೆ, ಕಾಫಿ ಬಗ್ಗಿಸುತ್ತ. "ದಾರ ಕಂಡೂ ಹಕ್ಕಿ ಹಾರ್ತು ಅನ್ನೋರು ಮಕ್ಕಳು. ನಿಮಗೆ ಹಕ್ಕೀನೇ ಕಾಣ್ಲಿಲ್ಲ, ದಾರ ಮಾತ್ರ ಕಾಣ್ತು."

ಸಿನಿಮಾದ ಭಾಷೆ ನಮಗೆ ತಿಳಿಯದು. ಸಿನ್ನೊವೆ ನಿಘಂಟು ಹಿಡಿದು ಮಾತುಗಳನ್ನೆಲ್ಲ ನಮ್ಮ ಭಾಷೆಗೆ ತಂದರು. ಇಂಥ ಸಿನಿಮಾಗಳಿಗೆ ನಮ್ಮಲ್ಲಿರುವ ರೂಢಿಯಂತೆ ಎಲ್ಲ ಪಾತ್ರಗಳಿಗೂ ಒಬ್ಬರೇ ಧ್ವನಿ ಕೊಡಬೇಕಿತ್ತು, ಹಾಲ್ವೋರ್ ಒಪ್ಪಿದರು. ಅಂದಿನಿಂದ ಪ್ರತಿ ವರ್ಷ, ಕ್ರಿಸ್ಮಸ್‌ಗೆ ಮುಂಚಿನ ಕಾಯುವ ವಾರಗಳಾದ ಅಡ್ವೆಂಟಿನ ಮೊದಲ ಭಾನುವಾರ, ಆರಾಧನೆ ಮುಗಿದ ಮೇಲೆ, ಚರ್ಚಿನ ಸಭಾಭವನದಲ್ಲಿ ಬಿಸಿ ವಾಫೆಲ್ ದೋಸೆ ತಿಂದು ಜನ ಕುಳಿತರೆ, ಪರದೆಯ ಪಕ್ಕದ ಕುರ್ಚಿಯಿಂದ ಆ ಗಡಸು ಧ್ವನಿ ಏಳುತ್ತಿತ್ತು. ರಾಜನಿಗೂ ತೋಳಕ್ಕೂ ಒಂದೇ ಧ್ವನಿ ಅಲ್ವಾ ಅಜ್ಜ ಎಂದು ಮಕ್ಕಳು ಕಾಲೆಳೆದರೆ, "ಇಬ್ರೂ ಒಂದೇ ಊರಿನೋರು, ಮತ್ತಿನ್ನೇನು," ಎನ್ನುತ್ತಿದ್ದರು.

ಒಂದೇ ಒಂದು ವಿಷಯದಲ್ಲಿ ಇಬ್ಬರಿಗೂ ವರ್ಷವರ್ಷವೂ ಜಗಳ. ಕೊನೆಯಲ್ಲಿ ಹಕ್ಕಿ ಹುಡುಗಿಯನ್ನು ದಡದಲ್ಲಿ ಇಳಿಸಿ ಹೊರಡುತ್ತದೆ. ಅದನ್ನು ಬೀಳ್ಕೊಡುವ ಹುಡುಗಿಯ ತುಟಿಗಳು ಬಹಳ ಹೊತ್ತು ಅಲ್ಲಾಡುತ್ತವೆ. ಹಾಲ್ವೋರ್ ಅಲ್ಲಿ ಬಾಯಿ ಬಿಡುತ್ತಿರಲಿಲ್ಲ.

"ಇಡೀ ಸಿನಿಮಾದಲ್ಲಿ ಚೆನ್ನಾಗಿರೋ ಮಾತು ಅದೇ ಹಾಲ್ವೋರ್. ಅದನ್ನ ಬರೆಯೋಕೆ ನಾನೆಷ್ಟು ಒದ್ದಾಡಿದೀನಿ ಗೊತ್ತಾ?"

"ಚೆನ್ನಾಗೇ ಬರ್ದಿದೀಯಮ್ಮ. ಆದ್ರೆ ಅದು ನನ್ನ ಮಾತಲ್ಲ."

ಅದು ಮುದುಕರ ಹಟವೆಂದೇ ಸಿನ್ನೊವೆ ತಿಳಿದಿದ್ದರು.

ಸಿನ್ನೊವೆ ಅವರ ಉಪಕಾರಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ತೂರಿಡ್ ಎಂಬ ಪುಟ್ಟ ಹುಡುಗಿಯ ತಂದೆ ಮೀನು ಹಿಡಿಯಲು ಹೋದವರು ಮರಳಲಿಲ್ಲ, ದೇಹವೂ ಸಿಗಲಿಲ್ಲ. ತಾಯಿ ಮೀನಿನ ಕಾರ್ಖಾನೆಯಿಂದ ಬರುವವರೆಗೆ ಸಿನ್ನೊವೆ ಆ ಮಗುವನ್ನು ಗ್ರಂಥಾಲಯದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಏನನ್ನೂ ಕೇಳುತ್ತಿರಲಿಲ್ಲ. ತಮ್ಮ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಕೊಡುತ್ತಿದ್ದರು. ಆ ತೂರಿಡ್ ಇಂದು ಊರಿನ ಬೇಕರಿ ನಡೆಸುತ್ತಾಳೆ.

ಹಾಲ್ವೋರ್ ತೀರಿಕೊಂಡ ವಾರ ಸಿನ್ನೊವೆ ಸುರುಳಿಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದರು. ಈ ವರ್ಷವಿಲ್ಲ, ಇನ್ನೆಂದೂ ಇಲ್ಲ ಎಂದರು. ಬೇಕಾದರೆ ಹೊಸ ಸಿನಿಮಾ ಹಾಕಿಕೊಳ್ಳಲಿ. ಹಳೆಯದರ ಧ್ವನಿ ಮಣ್ಣಿಗೆ ಹೋಗುತ್ತಿದೆ, ಅದೂ ಜೊತೆಗೆ ಹೋಗಲಿ ಎಂಬುದು ಅವರ ಮಾತು.

ಶವಸಂಸ್ಕಾರದ ದಿನ ಪಕ್ಕದ ಊರಿನ ವಾದಕ ಬಂದು ಹಾಲ್ವೋರರ ಆರ್ಗನ್ ನುಡಿಸಿದ. ಅದು ಅವರಿಲ್ಲದೆಯೂ ನುಡಿಯಿತು. ಮೊದಲು ಸಿನ್ನೊವೆ ಅವರಿಗೆ ಅದು ಸಹಿಸಲಾಗಲಿಲ್ಲ. ಕೀರ್ತನೆಯ ಕೊನೆಯ ಚರಣದ ಹೊತ್ತಿಗೆ ತಾವೂ ಹಾಡುತ್ತಿರುವುದು ಅವರ ಅರಿವಿಗೆ ಬಂತು. ಸಂಜೆ ಹೋಗಿ ಪೆಟ್ಟಿಗೆ ತೆರೆದರು.

ಅಡ್ವೆಂಟಿನ ಭಾನುವಾರ ಪರದೆಯ ಪಕ್ಕದ ಕುರ್ಚಿಯಲ್ಲಿ ಅವರೇ ಕುಳಿತರು. ರಾಜನಿಗೂ ತೋಳಕ್ಕೂ ಅವರದೇ ಧ್ವನಿ. ಎರಡು ಕಡೆ ತಡವರಿಸಿದರು, ಯಾರೂ ನಗಲಿಲ್ಲ. ಹಕ್ಕಿ ದಡಕ್ಕೆ ಇಳಿಯಿತು. ಇಷ್ಟು ವರ್ಷ ಯಾರೂ ಕೇಳದ ಆ ಮಾತುಗಳ ಹಾಳೆಯನ್ನು ಅವರು ದೀಪಕ್ಕೆ ಹಿಡಿದರು. ಹಾಲ್ವೋರ್ ಬಿಟ್ಟುಹೋದದ್ದನ್ನು ಓದಿ ಪೂರ್ಣಗೊಳಿಸುವುದೇ ಅವರಿಗೆ ತಾವು ಸಲ್ಲಿಸುವ ಗೌರವವೆಂದು ನಂಬಿದ್ದರು. ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನಿಂದ ತೂರಿಡ್ ಮೆಲ್ಲಗೆ ಹೇಳಿದಳು:

"ಇಲ್ಲಿ ಬೇಡ, ಸಿನ್ನೊವಕ್ಕ. ಇಲ್ಲಿ ಹೋದೋರಿಗೆ ನಮ್ಮ ನಮ್ಮ ಮಾತು ನಾವೇ ಹೇಳ್ಕೋತೀವಿ. ನಮ್ಮಪ್ಪನಿಗೆ ನಾನು ಹೇಳಿದ್ದು ಇಲ್ಲೇ."

ಸಿನ್ನೊವೆ ಅವಳತ್ತ ನೋಡಿದರು. ಅವಳ ಹಿಂದಿನ ಸಾಲುಗಳನ್ನು ನೋಡಿದರು. ಪರದೆಯ ಬೆಳಕಿನಲ್ಲಿ ಎಷ್ಟೋ ತುಟಿಗಳು ಆಗಲೇ ಅಲ್ಲಾಡುತ್ತಿದ್ದವು. ಅವರು ಹಾಳೆಯನ್ನು ಮಡಿಚಿ ತೊಡೆಯ ಮೇಲಿಟ್ಟರು. ಹಕ್ಕಿ ತನ್ನ ದಾರದಲ್ಲಿ ತೂಗುತ್ತ ಮೇಲೇರಿತು. ಅವರ ತುಟಿಗಳೂ ಅಲ್ಲಾಡಿದವು. ಅವರು ಏನೆಂದರೋ ನಮಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ.

ಸಿನ್ನೊವೆ ಮೀರ್‌ಲ್ಯಾಂಡ್ ಅವರಿಗೆ ದೇವರು ದೀರ್ಘವಾದ, ನೆಮ್ಮದಿಯ ಆಯುಷ್ಯ ಕೊಡಲಿ. ಬರುವ ಅಡ್ವೆಂಟುಗಳಲ್ಲಿಯೂ ಆ ಕುರ್ಚಿ ಖಾಲಿ ಇರದಿರಲಿ. ಕರುಣಾಳುವಾದ ಕರ್ತನೇ, ನಮ್ಮ ಮಾತಿಗೆಂದು ಸ್ಥಳ ಬಿಟ್ಟುಕೊಟ್ಟ ನಿನ್ನ ಸೇವಕ ಹಾಲ್ವೋರನನ್ನು ನಿನ್ನ ದಡದಲ್ಲಿ ಮೆಲ್ಲಗೆ ಇಳಿಸಿಕೊ. ಅವನ ಆತ್ಮಕ್ಕೆ ನಿನ್ನ ಶಾಂತಿಯನ್ನು ಕೊಡು. ಆಮೆನ್.