ಏಳನೇ ಅಂಕಣದಿಂದ ಮರಳಿನ ಊರಿಗೆ

ಬಸ್ ನಿಲ್ದಾಣದ ಮೇಲಂತಸ್ತಿನಲ್ಲಿ ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆ. ಎರಡು ಕುರ್ಚಿ, ಒಂದು ಮೇಜು, ಕತ್ತು ಬಗ್ಗಿಸಿಕೊಂಡು ನಿಂತ ಮೈಕು, ಗೋಡೆಗೆ ಅಂಟಿಸಿದ ವೇಳಾಪಟ್ಟಿ. ಇಪ್ಪತ್ತಾರು ವರ್ಷದಿಂದ ಅಲ್ಲಿ ಕೂತು ಯಾವ ಬಸ್ಸು ಬಂತು, ಯಾವುದು ಹೊರಟಿತು, ಯಾವುದು ಇನ್ನೂ ದಾರಿಯಲ್ಲೇ ತೂಕಡಿಸುತ್ತಿದೆ ಎಂದು ಸಾರುವವಳು ಮೈಕಮ್ಮ. ದಿನಕ್ಕೆ ನೂರಾರು ಊರಿನ ಹೆಸರು ಅವಳ ನಾಲಿಗೆಯ ಮೇಲೆ ಹಾದುಹೋಗುತ್ತವೆ. ಅವಳು ಮಾತ್ರ ಹೋದದ್ದು ಮನೆಗೆ, ತವರಿಗೆ, ಆಸ್ಪತ್ರೆಗೆ, ತಿರುಗಿ ಇದೇ ಕೋಣೆಗೆ. ಊರಿಗೆಲ್ಲ ದಾರಿ ಹೇಳುವವರು ಹೊಸಿಲು ದಾಟುವುದು ಅಪರೂಪವೇ.

ಮಿಕ್ಕ ಊರುಗಳನ್ನು ಅವಳು ಕಡಲೆ ಕುರುಕಿದಂತೆ ಪಟಪಟನೆ ಹೇಳಿ ಮುಗಿಸುತ್ತಾಳೆ. ಮಧ್ಯಾಹ್ನ ಒಂದು ಗಂಟೆಗೆ ಏಳನೇ ಅಂಕಣದಿಂದ ಮರಳಿನ ಊರಿಗೆ ಹೊರಡುವ ಬಸ್ಸಿನ ಸರದಿ ಬಂದಾಗ ಮಾತ್ರ ದನಿ ತಾನಾಗಿ ನಿಧಾನವಾಗುತ್ತದೆ. ಮರುಭೂಮಿಯ ನಡುವೆ ಬಿಸಿನೀರಿನ ಬುಗ್ಗೆಯಿರುವ ಊರು ಅದು. ಕೀಲುನೋವಿನವರು, ಹೊಸದಾಗಿ ಮದುವೆಯಾದವರು, ಗಲಾಟೆ ಸಾಕಾದವರು ನಾಲ್ಕು ದಿನ ಇದ್ದು ಬರಲು ಹೋಗುತ್ತಾರೆ. ಮೈಕಮ್ಮ ಅದನ್ನು ಕಂಡವಳಲ್ಲ. ಆದರೂ ಕಣ್ಣು ಮುಚ್ಚಿದರೆ ಒಂದೊಂದು ಓಣಿಯೂ ಎದುರಿಗೆ ಬರುತ್ತದೆ. ಖರ್ಜೂರದ ಮರಗಳ ಮಧ್ಯೆ ಕೊಳ, ಅದರ ಮೇಲೆ ಬೆಳಗಿನ ಹೊತ್ತು ತೆಳ್ಳಗೆ ಏಳುವ ಹಬೆ. ನೀಲಿ ಬಾಗಿಲುಗಳ ಬೀದಿ. ಬೀದಿಯ ತಿರುವಿನಲ್ಲಿ ಚಾಪೆ ಹೆಣೆಯುತ್ತ ಕೂತ ಮುದುಕ. ಸಂಜೆ ಮರಳು ಮೊದಲು ಅರಿಶಿನ, ಆಮೇಲೆ ಗುಲಾಬಿ, ಆಮೇಲೆ ಬೂದಿಬಣ್ಣಕ್ಕೆ ತಿರುಗುವುದು. ನಿಲ್ದಾಣದ ಅಂಗಳದಲ್ಲಿ ಬಸ್ಸು ಎಬ್ಬಿಸಿದ ಧೂಳು ಬಿಸಿಲಲ್ಲಿ ತೇಲುವಾಗ ಅವಳಿಗೆ ಆ ಊರೇ ಎದ್ದು ಬಂದಂತೆ ಕಾಣುತ್ತಿತ್ತು. ಆಗ ಯಾರಾದರೂ ಬಾಗಿಲು ತಟ್ಟಿದರೆ, "ಹಾಂ, ಯಾವ ಬಸ್ಸು?" ಎಂದು ಬೆಚ್ಚಿ ಕೇಳುತ್ತಿದ್ದಳು.

ಇಷ್ಟನ್ನೂ ಅವಳ ತಲೆಗೆ ತುಂಬಿದವನು ಗಂಡ. ಹತ್ತೊಂಬತ್ತು ವರ್ಷ ಆ ಒಂದು ಗಂಟೆಯ ಬಸ್ಸಿನ ಡ್ರೈವರು ಅವನೇ. ಇವತ್ತು ಹೋಗುವುದು, ನಾಳೆ ಬರುವುದು. ಬಂದು ಕೈಕಾಲು ತೊಳೆದು ಕೂತರೆ ಅವಳದು ಒಂದೇ ಪ್ರಶ್ನೆ: "ಈ ಸಲ ಏನು ನೋಡಿದ್ರಿ?" ಅವನು ಹೇಳುವನು, ಅವಳು ತಟ್ಟೆಯಲ್ಲಿ ಕೈ ಒಣಗುವವರೆಗೂ ಮೈಯೆಲ್ಲ ಕಿವಿಯಾಗಿ ಕೇಳುವಳು. ಮಕ್ಕಳಿಲ್ಲದ ಮನೆ. ಬೇರೆಯವರ ಮನೆಯಲ್ಲಿ ಮಕ್ಕಳ ಸುದ್ದಿ ಬೆಳೆಯುವ ಹಾಗೆ ಇವರ ಮನೆಯಲ್ಲಿ ಆ ಊರು ಬೆಳೆಯಿತು.

ಎರಡು ವರ್ಷದ ಹಿಂದೆ ಅವನ ಕಣ್ಣಿನ ನರ ಕೈಕೊಟ್ಟಿತು, ಸ್ಟೀರಿಂಗ್ ಬಿಡಿಸಿದರು. ಅಂದಿನಿಂದ ಅವನು ದಿನಾ ಮಧ್ಯಾಹ್ನ ಹೆಂಡತಿಗೆ ಊಟದ ಡಬ್ಬಿ ತಂದುಕೊಟ್ಟು, ಏಳನೇ ಅಂಕಣದ ಬೆಂಚಿನ ಮೇಲೆ ಕೂತು, ಸಂಜೆ ಅವಳ ತೋಳು ಹಿಡಿದು ಮನೆಗೆ ಹೋಗುತ್ತಾನೆ. ಹೋದ ತಿಂಗಳು ಕಣ್ಣಿನ ಡಾಕ್ಟರು ಸುತ್ತಿಬಳಸದೆ ಹೇಳಿದರು: "ಇನ್ನು ಆರು ತಿಂಗಳು ಅಂದ್ಕೊಳ್ಳಿ. ನೋಡೋದೇನಾದ್ರೂ ಇದ್ರೆ ಈಗಲೇ ನೋಡ್ಬಿಡಿ."

ಮೈಕಮ್ಮ ಅಳಲಿಲ್ಲ. ಮನೆಗೆ ಬಂದವಳೇ ಗೋಡೆಯ ಕ್ಯಾಲೆಂಡರು ಇಳಿಸಿ ತೊಡೆಯ ಮೇಲೆ ಹಾಕಿಕೊಂಡಳು. ಅಲ್ಲಿ ಪೂರಾ ಮೂರು ದಿನ. ಕೊಳದ ಪಕ್ಕದ ವಸತಿಗೃಹಕ್ಕೆ ಫೋನು ಮಾಡಿ, ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ, ಹಾಸಿಗೆಯಲ್ಲಿ ಮಲಗಿದರೆ ಮರಳು ಕಾಣುತ್ತದೆಯೇ ಎಂದು ವಿಚಾರಿಸಿದಳು. ಅತ್ತ ಕಡೆಯವನಿಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲವೇನೋ, ಎದ್ದು ಹೋಗಿ ನೋಡಿ ಬಂದು ಹೇಳಿದ. ಮರುಭೂಮಿಯಲ್ಲಿ ರಾತ್ರಿ ಚಳಿ ಎಂದು ಎರಡು ಶಾಲು ತೆಗೆದಿಟ್ಟಳು. ಚೀಲ ತುಂಬಿದಳು, ಖಾಲಿ ಮಾಡಿದಳು, ಮತ್ತೆ ತುಂಬಿದಳು. ಹೊರಡುವುದಕ್ಕಿಂತ ಹೊರಡುವ ತಯಾರಿಯೇ ಸೊಗಸು ಎಂದು ಅವಳಿಗೆ ಅನ್ನಿಸಿದ್ದೂ ಉಂಟು.

ಗಂಡ ಮಾತ್ರ ಜಪ್ಪಯ್ಯ ಅನ್ನಲಿಲ್ಲ. "ಡ್ರೈವರ್ ಆಗಿದ್ದೋನು ಪ್ಯಾಸೆಂಜರ್ ಥರ ಹಿಂದೆ ಕೂತ್ಕೊಳ್ಳೋದಾ? ಆಗಲ್ಲ" ಎಂದ. ಮಾರನೆಯ ದಿನ ಬಿಸಿಲು ಎಂದ. ಅದರ ಮಾರನೆಯ ದಿನ ಸೊಂಟ ನೋವು. ಕೊನೆಗೆ, "ನೋಡಿದ್ದನ್ನೇ ಎಷ್ಟು ಸಲ ನೋಡೋದೇ?" ಎಂದು ಗೋಡೆ ಕಡೆ ತಿರುಗಿ ಮಲಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ನೆಲ, ಗೋಡೆ, ಸೂರು ಎಲ್ಲವೂ ಡೊಂಕಾಗಿದ್ದವು. ಒಂದೊಂದೇ ದಿನ ಜಾರುತ್ತಿತ್ತು, ಅವನ ಕಣ್ಣೂ ಜಾರುತ್ತಿತ್ತು, ಮೈಕಮ್ಮನ ಎದೆಯೊಳಗೆ ಅವಸರ ಕುದಿಯುತ್ತಿತ್ತು.

ಇನ್ನು ಆ ಮೈಕಿನ ವಿಷಯ. ಮೇಜಿನ ಮೇಲೆ ಒಂದು ದಪ್ಪ ಗುಂಡಿ. ಒತ್ತಿ ಹಿಡಿದರೆ ಮೈಕಿಗೆ ಜೀವ, ಬಿಟ್ಟರೆ ಮೌನ. ಜೀವ ಬಂದಿದೆ ಎಂದು ತೋರಿಸುವ ಕೆಂಪು ದೀಪ ಸುಟ್ಟುಹೋಗಿ ಎರಡು ತಿಂಗಳಾಗಿತ್ತು. "ನನ್ನ ಬೆರಳಿಗೇ ಗೊತ್ತಾಗುತ್ತೆ, ದೀಪ ಯಾಕೆ?" ಎಂದು ಮೈಕಮ್ಮ ಅದನ್ನು ಹಾಕಿಸಿರಲಿಲ್ಲ. ಬೆರಳಿಗೆ ಗೊತ್ತಾಗುತ್ತದೆ, ನಿಜ. ಊಟದ ಡಬ್ಬಿಗೆ ಹೇಗೆ ಗೊತ್ತಾಗಬೇಕು? ಅವತ್ತು ಮಧ್ಯಾಹ್ನ ಗಂಡ ತಂದುಕೊಟ್ಟ ಸ್ಟೀಲಿನ ಡಬ್ಬಿಯನ್ನು ಅವಳು ನೆಟ್ಟಗೆ ಗುಂಡಿಯ ಮೇಲೆಯೇ ಕುಕ್ಕಿದಳು. ಗಾಜು ಮುಚ್ಚಿತ್ತು, ತಲೆಯ ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು, ಹೊರಗೆ ತನ್ನದೇ ದನಿ ಮೊಳಗುವುದು ಒಳಗೆ ಕೇಳಲಿಲ್ಲ.

ಜೊತೆಗೆ ಊಟಕ್ಕೆ ಬಂದವಳು ಕೆಳಗಿನ ಮುಂಗಡ ಟಿಕೆಟ್ಟಿನ ಕಿಟಕಿಯಾಕೆ. "ಅಕ್ಕಾ, ಭಾವ ಏನಂದ್ರು?" ಎಂದು ಕೇಳಿದಳು.

"ಏನಂತಾರೆ? ಬಂಡೆಗೆ ಹಣೆ ಚಚ್ಕೊಂಡ ಹಾಗಾಯ್ತು."

"ಹೋಗ್ಲಿ ಬಿಡಿ, ನಾವಿಬ್ರೇ ಹೋಗಿ ಬರೋಣ."

"ನೀನು ಬಂದ್ರೆ ಏನು ಬಂತೇ? ನಾನು ಎಲ್ಲಾ ಯೋಚಿಸಿಟ್ಟಿದೀನಿ. ಮೊದಲನೇ ದಿನ ಎಲ್ಲೂ ಅಲೆಯೋದಿಲ್ಲ, ಕೊಳದ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕೂತ್ಕೊಳ್ಳೋದು. ಎರಡನೇ ದಿನ ನೀಲಿ ಬಾಗಿಲ ಬೀದಿ. ಆ ಚಾಪೆ ಹೆಣೆಯೋ ಮುದುಕನ್ನ ಮಾತಾಡಿಸ್ಬೇಕು, ಇಷ್ಟು ವರ್ಷ ಕೇಳೀ ಕೇಳೀ ಅವನು ನನಗೆ ಸೋದರಮಾವ ಆಗ್ಬಿಟ್ಟಿದಾನೆ. ಮೂರನೇ ದಿನ ದಿಬ್ಬ ಹತ್ತಿ ಸೂರ್ಯ ಮುಳುಗೋದು ನೋಡೋದು. ಎಲ್ಲಾ ಅವರೇ ತೋರಿಸ್ಬೇಕು." ಒಂದು ತುತ್ತು ನುಂಗಿ ಅವಳು ಮತ್ತೆ ಶುರು ಮಾಡಿದಳು. "ಸುಳ್ಳು ಯಾಕೆ ಹೇಳ್ಲಿ, ಆ ಊರು ನನ್ನ ಸವತಿ ಕಣೇ. ಹತ್ತೊಂಬತ್ತು ವರ್ಷ ವಾರಕ್ಕೆ ಮೂರು ಸಲ ಗಂಡನ್ನ ಕರೆಸ್ಕೊಂಡ್ಳು. ಕಳಿಸಿಕೊಟ್ಟೋಳು ಯಾರು? ನಾನೇ! ಮೈಕಲ್ಲಿ ಕೂಗಿ ಕೂಗಿ ಗಂಡನ್ನ ಸವತಿ ಮನೆಗೆ ಹೊರಡಿಸ್ದೋಳು ಲೋಕದಲ್ಲಿ ನಾನೊಬ್ಳೇ ಇರ್ಬೇಕು!"

ಕಿಟಕಿಯಾಕೆ ನಕ್ಕಳು. ಮೈಕಮ್ಮನೂ ನಕ್ಕಳು. ನಗುನಗುತ್ತಲೇ ಅವಳ ದನಿ ಇಳಿಯಿತು.

"ಅವರ ಕಣ್ಣು ಆರೋದರೊಳಗೆ, ಅವರ ಪಕ್ಕ ನಿಂತು, ಅವರು ನೋಡಿದ್ದನ್ನ ನಾನೂ ಒಂದ್ಸಲ ನೋಡ್ಬೇಕು. ಆಮೇಲೆ ಅವರಿಗೆ ಏನೂ ಕಾಣದೇ ಹೋದ್ರೂ, 'ರೀ, ಆವತ್ತು ಹಾಗಿತ್ತಲ್ವಾ' ಅಂತ ಇಬ್ರೂ ಮಾತಾಡ್ಕೋಬಹುದು. ಅಷ್ಟು ಸಿಕ್ಕಿದ್ರೆ ಸಾಕು ನಂಗೆ."

ಆಗಲೇ ಬಾಗಿಲು ದಡಾರನೆ ತೆರೆಯಿತು. ಏದುಸಿರು ಬಿಡುತ್ತ ನಿಂತವನು ಬಸ್ಸುಗಳನ್ನು ಹೊರಡಿಸುವ ಕಂಟ್ರೋಲರು. "ಅಮ್ಮಾ ತಾಯೀ, ಮೊದ್ಲು ಆ ಡಬ್ಬಿ ಎತ್ತಿ! ಇಡೀ ನಿಲ್ದಾಣ ಕೇಳಿಸ್ಕೊಳ್ತಾ ಇದೆ. ಐದನೇ ಅಂಕಣದ ಡ್ರೈವರ್ ಗಾಡಿ ತೆಗೀತಾ ಇಲ್ಲ, ಪೂರ್ತಿ ಕೇಳಿ ಹೋಗ್ತೀನಿ ಅಂತಾನೆ!"

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಮೈಕಮ್ಮನಿಗೆ. ನೆಲ ಹಾಗೆಲ್ಲ ಬಾಯಿಬಿಡುವುದಿಲ್ಲ, ಮೆಟ್ಟಿಲು ಇಳಿಯಲೇಬೇಕು. ಇಳಿದಳು. ಮುಖಗಳೆಲ್ಲ ಅವಳತ್ತ ತಿರುಗಿದ್ದವು. ಕೆಲವರು ನಗುತ್ತಿದ್ದರು. ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು ಪಕ್ಕಕ್ಕೆ ಸರಿದು, "ಹೋಗಿ ಬನ್ನಿ ಅಮ್ಮ, ಚೆನ್ನಾಗಿರಿ" ಎಂದಳು. ಗಂಡ ಏಳನೇ ಅಂಕಣದ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಮರ್ಯಾದೆ ಬೀದಿಪಾಲು ಮಾಡಿದೆ ಎಂದು ಬೈಯುತ್ತಾನೆ ಎಂದುಕೊಂಡೇ ಅವಳು ಹತ್ತಿರ ಹೋದಳು.

"ರೀ, ಗೊತ್ತಾಗ್ಲಿಲ್ಲ, ಡಬ್ಬಿ..."

"ಕೂತ್ಕೋ" ಎಂದ ಅವನು. ಅವಳು ಕೂತಳು. ಅವನು ತನ್ನ ಅಂಗೈಯನ್ನು ನೋಡಿಕೊಳ್ಳುತ್ತ ಹೇಳಿದ: "ನಾನು ಆ ಊರು ನೋಡಿಲ್ಲ ಕಣೇ."

ಅವಳಿಗೆ ಅರ್ಥವಾಗಲಿಲ್ಲ.

"ರಾತ್ರಿ ಹನ್ನೆರಡಕ್ಕೆ ಮುಟ್ತಿದ್ದೆ. ಡಿಪೋದಲ್ಲಿ ಮಂಚ ಇತ್ತು, ಬಿದ್ರೆ ನಿದ್ದೆ. ನಾಲ್ಕಕ್ಕೆ ಎಬ್ಬಿಸೋರು, ನಾಲ್ಕೂವರೆಗೆ ವಾಪಸ್ಸು. ಬೆಳಕಾಗೋ ಹೊತ್ತಿಗೆ ಮರಳು ಮುಗಿದು ಹೊಲ ಶುರು ಆಗಿರೋದು. ಹೆಡ್‌ಲೈಟ್ ಬಿದ್ದಷ್ಟೇ ನಾನು ಕಂಡ ಮರುಭೂಮಿ."

"ಮತ್ತೆ ಕೊಳ?"

"ನನ್ನ ಹಿಂದಿನ ಸೀಟಲ್ಲಿ ಒಬ್ಬಾಕೆ ತನ್ನ ತಂಗಿಗೆ ಹೇಳ್ತಾ ಇದ್ಲು."

"ನೀಲಿ ಬಾಗಿಲು?"

"ಅದು ಇನ್ಯಾರೋ."

"ಆ ಚಾಪೆ ಮುದುಕ?"

"ಅವನನ್ನ ನಾನೇ ಹುಟ್ಟಿಸ್ದೆ."

ಮೈಕಮ್ಮ ದಡಕ್ಕನೆ ಎದ್ದಳು. "ಹತ್ತೊಂಬತ್ತು ವರ್ಷ ನನ್ನ ಕಿವಿ ಮೇಲೆ ಹೂವಿಟ್ರಿ!" ಎಂದಳು. ಕೋಪ ಗಂಡನ ಮೇಲೆ ಎಷ್ಟೋ, ತನ್ನ ಮೇಲೂ ಅಷ್ಟೇ. ಒಂದಕ್ಕೆ ಹೊರಟ ಬಸ್ಸು ಹನ್ನೊಂದು ಗಂಟೆ ಓಡಿದರೆ ಯಾವಾಗ ಮುಟ್ಟುತ್ತದೆ, ಮರುದಿನ ಮೂರೂವರೆಗೆ ಇಲ್ಲಿರಬೇಕಾದರೆ ಅಲ್ಲಿಂದ ಎಷ್ಟಕ್ಕೆ ಹೊರಟಿರಬೇಕು? ಯಾರಾದರೂ ಪ್ರಯಾಣಿಕರು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದಳು. ವೇಳಾಪಟ್ಟಿ ಇಡೀ ಬಾಯಿಪಾಠವಿದ್ದವಳು ಗಂಡನ ಬಸ್ಸಿನ ಲೆಕ್ಕವನ್ನು ಮಾತ್ರ ಒಂದು ದಿನವೂ ಹಾಕಿರಲಿಲ್ಲ. ಹಾಕಲು ಮನಸ್ಸೇ ಬಂದಿರಲಿಲ್ಲ. ಅವಳ ಕೊಳ, ಅವಳ ಹಬೆ, ಅವಳ ಗುಲಾಬಿ ಮರಳು ಯಾರ್ಯಾರೋ ಗುರುತಿಲ್ಲದವರದಾಗಿ ಹೋದವು.

"ಒಂದು ದಿನ ಉಳ್ಕೊಂಡು ನೋಡ್ಬಾರದಾಗಿತ್ತಾ?" ಎಂದು ಕೇಳಿದಳು.

"ಅಂದ್ಕೋತಿದ್ದೆ. ರಜೆ ಸಿಕ್ಕಿದ್ರೆ ಮನೆಗೇ ಬರೋಣ ಅನ್ಸೋದು." ಅವನು ತಲೆ ಎತ್ತಿ ಅವಳ ಮುಖ ಇರುವ ಕಡೆ ನೋಡಿದ. "ಮೊದಲನೇ ಸಲ ನೀನು ಕೇಳ್ದಾಗ, ಏನೂ ನೋಡಿಲ್ಲ, ಮಲಗಿದ್ದೆ ಅಂದ್ರೆ ನಿನ್ನ ಮುಖ ಸಪ್ಪಗಾಗುತ್ತೆ ಅನ್ನಿಸ್ತು. ಆಮೇಲೆ ಪ್ರತಿ ಸಲ, ಇವತ್ತು ಇವಳಿಗೆ ಏನು ಒಯ್ಯಲಿ ಅಂತ ಹಿಂದಿನ ಸೀಟಿಗೆ ಕಿವಿ ಕೊಟ್ಕೊಂಡೇ ಗಾಡಿ ಓಡಿಸ್ತಿದ್ದೆ. ಈಗ ಅಲ್ಲಿಗೆ ಹೋದ್ರೆ ಒಂದು ಬೀದಿ ತೋರಿಸೋಕೂ ನಂಗೆ ಬರಲ್ಲ. ಅದಕ್ಕೇ ಬೇಡ ಅಂತಿದ್ದೆ."

ಮೈಕಮ್ಮ ಮೆಲ್ಲಗೆ ಅವನ ಪಕ್ಕ ಕೂತಳು. ಒಂದು ಬಸ್ಸು ಹಿಂದೆ ಹಿಂದೆ ಸರಿದು ಅಂಕಣಕ್ಕೆ ಬಂದು ನಿಂತಿತು. ಧೂಳು ಎದ್ದು, ಬಿಸಿಲಲ್ಲಿ ಒಂದಿಷ್ಟು ಹೊತ್ತು ತೇಲಿ, ಇಬ್ಬರ ಮೇಲೂ ಇಳಿಯಿತು. ಅವಳಿಗೆ ಆ ಧೂಳಿನಲ್ಲಿ ಯಾವ ಊರೂ ಕಾಣಲಿಲ್ಲ. ಪಕ್ಕದಲ್ಲಿ ಗಂಡನ ಮೊಣಕೈ ಬೆಚ್ಚಗಿತ್ತು.

"ನಂಗೂ ನೋಡ್ಬೇಕು ಕಣೇ" ಎಂದ ಅವನು. "ಕತ್ತಲಾಗೋದರೊಳಗೆ ಒಂದೇ ಒಂದ್ಸಲ. ಹಗಲಲ್ಲಿ."

ಅವಳು ಕಣ್ಣು ಒರೆಸಿಕೊಂಡಳು. "ಹಾಗಾದ್ರೆ ಒಂದು ಗಂಟೆ ಬಸ್ಸು ಆಗಲ್ಲ" ಎಂದಳು. "ಬೆಳಿಗ್ಗೆ ಐದಕ್ಕೆ ಒಂದಿದೆ. ಸಂಜೆ ನಾಲ್ಕಕ್ಕೆ ಮುಟ್ಟುತ್ತೆ, ಇನ್ನೂ ಬಿಸಿಲಿರುತ್ತೆ. ಏಳಿ."

ಟಿಕೆಟ್ಟಿನ ಕಿಟಕಿಯಾಕೆ ಅಷ್ಟರಲ್ಲಿ ಓಡಿಬಂದು ತನ್ನ ಜಾಗದಲ್ಲಿ ಕೂತಿದ್ದಳು. "ಯಾವತ್ತಿಗೆ ಅಕ್ಕಾ? ಮುಂದಿನ ತಿಂಗಳಿಗಾ?"

"ನಾಡಿದ್ದಿಗೆ. ಬೆಳಗಿನ ಬಸ್ಸಿಗೆ ಎರಡು."

ಡ್ರೈವರು ಕಿಟಕಿಯ ಅಂಚನ್ನು ಕೈಯಲ್ಲಿ ತಡವಿ ಹಿಡಿದುಕೊಂಡ. ಜನ್ಮದಲ್ಲಿ ಪ್ಯಾಸೆಂಜರ್ ಆಗಿ ಕೂರುವುದಿಲ್ಲ ಎಂದಿದ್ದವನು ಹೆಂಡತಿಯ ಕಡೆ ಬಗ್ಗಿ, ಬೇರೆಯವರಿಗೆ ಕೇಳಿಸದಂತೆ ಪಿಸುಗುಟ್ಟಿದ: "ಕಿಟಕಿ ಪಕ್ಕದ ಸೀಟು ನಂಗೆ ಬಿಡ್ತೀಯಾ?"

"ಬಿಡ್ತೀನಿ" ಎಂದಳು ಮೈಕಮ್ಮ. "ಆದ್ರೆ ಕಂಡಿದ್ದಷ್ಟೇ ಹೇಳ್ಬೇಕು. ಕಾಣದೇ ಇದ್ರೆ ಕಾಣಲ್ಲ ಅನ್ಬೇಕು. ಆಗ ನಾನು ಹೇಳ್ತೀನಿ."

"ಹೂಂ" ಎಂದ ಅವನು.