ನೀರು ಆಂಟಿಯದು, ಕರೆಂಟು ಅಂಕಲ್‌ದು

ಕಳೆದ ವಾರ ಪರ್ತ್‌ನ ಒಂದು ದಿನಸಿ ಅಂಗಡಿಯಲ್ಲಿ ತೊಗರಿಬೇಳೆ ಹುಡುಕುತ್ತಿದ್ದೆ. ಎಲ್ಲಿಂದಲೋ ಒಂದು ವಾಸನೆ ಬಂತು. ಬಗ್ಗಿ ನೋಡಿದರೆ ಕೆಳಗಿನ ಹಲಗೆಯ ಮೇಲೆ ಆಲಿವ್ ಎಣ್ಣೆಯ ಸಾಬೂನು, ಸುತ್ತು ಕಾಗದವಿಲ್ಲದ ಒರಟು ಬಿಲ್ಲೆಗಳು. ಬೇಳೆ ಮರೆತೇಹೋಯಿತು. ಬ್ರಿಸ್ಬೇನ್‌ನ ಟೂವಾಂಗ್‌ನಲ್ಲಿದ್ದ ಆ ಮರದ ಮನೆ, ಅದರಡಿ ಬಟ್ಟೆ ಒಗೆಯುವ ಜಾಗ, ಮೊಣಕೈವರೆಗೆ ನೊರೆ ಮಾಡಿಕೊಂಡು ನಿಂತ ಆಂಟಿ... ಅಂಗಡಿಯ ಹುಡುಗಿ ಬಂದು "ಆರ್ ಯು ಓಕೆ?" ಎಂದು ಕೇಳುವವರೆಗೂ ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದೆ.

2010ರ ಕೊನೆಯಲ್ಲಿ ನಾವು ಬೆಂಗಳೂರಿನಿಂದ ಬ್ರಿಸ್ಬೇನ್‌ಗೆ ಹೋಗಿಳಿದದ್ದು. ಗಂಡನಿಗೆ ಸಾಫ್ಟ್‌ವೇರ್ ಕೆಲಸ, ನನಗೆ ಕೆಲಸ ಹುಡುಕುವ ಕೆಲಸ. ಸಿಕ್ಕ ಬಾಡಿಗೆಮನೆ ಒಂದು ದಿಬ್ಬದ ಮೇಲಿತ್ತು. ಎತ್ತರದ ಕಂಬಗಳ ಮೇಲೆ ನಿಂತ ಹಳೆಯ ಮರದ ಮನೆ. ಅದರ ಮೇಲ್ಭಾಗವನ್ನು ನಡುವೆ ಹಲಗೆ ಹೊಡೆದು ಎರಡು ಮಾಡಿದ್ದರು. ಬೀದಿಯ ಕಡೆ ಆಂಟಿ ಒಬ್ಬರೇ, ಹಿತ್ತಿಲ ಕಡೆ ಅಂಕಲ್ ಒಬ್ಬರೇ. ಕೆಳಗೆ ಕಂಬಗಳ ನಡುವೆ ಕಟ್ಟಿದ ಎರಡು ಕೋಣೆಗಳಲ್ಲಿ ನಾವು. ಎರಡೂ ಮನೆಗಳ ತಾಮ್ರದ ಪೈಪುಗಳು ನಮ್ಮ ಒಲೆಯ ಮೇಲ್ಗಡೆಯೇ ಹಾದುಹೋಗುತ್ತಿದ್ದವು. ಗೋಡೆಗೂ ಕಿವಿಯಿದೆ ಅನ್ನುತ್ತಾರಲ್ಲ, ಆ ಮನೆಯ ಗೋಡೆಗೆ ನಾನೇ ಕಿವಿಯಾಗಿದ್ದೆ.

ಆಂಟಿ ಮೊದಲು ನನ್ನ ಹತ್ತಿರ ಮಾತಾಡಿದ್ದು ಸಾಬೂನಿನ ವಿಷಯವೇ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೆ. ಆದ್ದರಿಂದಲೋ ಏನೋ, ಅವರ ಮಾತೆಲ್ಲ ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಉಳಿದಿದೆ. ಬಿಲ್ಲೆಯನ್ನು ಎತ್ತಿ ತೋರಿಸಿ, "ಇದು ನಮ್ಮೂರಿಂದ ಬಂದಿದ್ದು. ಸಬೂನ್," ಅಂದರು. "ನಮ್ಮಲ್ಲೂ ಸಾಬೂನು ಅಂತೀವಿ ಆಂಟಿ," ಅಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಒದ್ದೆ ಕೈಯಲ್ಲೇ ನನ್ನ ಗಲ್ಲ ಹಿಡಿದರು. ಆಮೇಲೆ ಗದ್ದದಿಂದ ಹಿತ್ತಿಲ ಕಡೆ ತೋರಿಸಿ, ದನಿ ತಗ್ಗಿಸಿ, "ಅವರೂ ಸಪೂನಿ ಅಂತಾರೆ," ಅಂದರು. ಮುಖದ ನಗು ಅಷ್ಟರಲ್ಲಿ ಹೋಗಿತ್ತು. ಯಾವ ಅವರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹೊಸದರಲ್ಲಿ ನನ್ನನ್ನು ಹೆದರಿಸಿದ್ದು ಆ ಪೈಪುಗಳು. ಮಧ್ಯಾಹ್ನ ಅಡುಗೆ ಮಾಡುತ್ತಿದ್ದರೆ ತಲೆಯ ಮೇಲೆ ಇದ್ದಕ್ಕಿದ್ದಂತೆ ಠಣ್ ಠಣ್. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ತುದಿಯಿಂದ ಒಂದೇ ಒಂದು ಠಣ್. ಅದಾದ ಮೇಲೆ ನೀರು ನಿಂತುಹೋಗುತ್ತಿತ್ತು. "ಪೈಪೊಳಗೆ ಗಾಳಿ ಸೇರ್ಕೊಂಡಿರುತ್ತೆ ಕಣೆ, ಅದಕ್ಕೆಲ್ಲ ಹೆದರ್ಕೋತಾರಾ?" ಎಂದು ಗಂಡ ನಕ್ಕುಬಿಟ್ಟರು. ಬೆಂಗಳೂರಿನಲ್ಲಿ ದಿನ ಬಿಟ್ಟು ದಿನ ಬರುವ ನೀರಿಗೆ ಕಾದು ಬೆಳೆದವಳು ನಾನು. ಸದ್ದು ಕೇಳಿದ ಕೂಡಲೇ ಬಕೆಟ್ಟು, ಕೊಡ, ಕುಕ್ಕರು, ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಡತೊಡಗಿದೆ. ಒಂದು ದಿನ ಆಂಟಿ ಬಾಗಿಲಲ್ಲಿ ನಿಂತು ಆ ಸಾಲನ್ನು ನೋಡಿ ನನ್ನ ಕೈಹಿಡಿದು ಮೇಲಕ್ಕೆ ಕರೆದುಕೊಂಡು ಹೋದರು. ಅವರ ಅಡುಗೆಮನೆಯಲ್ಲೂ ಪಾತ್ರೆಗಳೆಲ್ಲ ಕಂಠಮಟ್ಟ ತುಂಬಿ ಕೂತಿದ್ದವು.

ವಿಷಯ ತಿಳಿದದ್ದು ಅವತ್ತು. ಇಬ್ಬರದೂ ಸೈಪ್ರಸ್ ದ್ವೀಪ, ಒಂದೇ ಹಳ್ಳಿ. ಆಂಟಿ ಟರ್ಕಿಶ್ ಮಾತಾಡುವ ಮುಸ್ಲಿಮರು, ಅಂಕಲ್ ಗ್ರೀಕ್ ಮಾತಾಡುವ ಕ್ರೈಸ್ತರು. ಆಂಟಿಯ ತೀರಿಹೋದ ಗಂಡನೂ ಅಂಕಲ್ಲೂ ಜೀವದ ಗೆಳೆಯರು, ಜೊತೆಯಲ್ಲೇ ಹಡಗು ಹತ್ತಿ ಬಂದವರು, ಸೇರಿ ಮನೆ ಕೊಂಡವರು. ಎಪ್ಪತ್ತರ ದಶಕದಲ್ಲಿ ಅಲ್ಲಿ ಯುದ್ಧವಾಗಿ ದ್ವೀಪ ಎರಡು ತುಂಡಾಯಿತು. ಅಂಕಲ್ ಕಡೆಯವರು ಎಳೆದುಕೊಂಡು ಹೋದ ಆಂಟಿಯ ತಮ್ಮ ಮತ್ತೆ ಬರಲಿಲ್ಲ. ಆಂಟಿ ಕಡೆಯವರು ಅಂಕಲ್‌ನ ತಾಯಿಯನ್ನು ಉಟ್ಟ ಬಟ್ಟೆಯಲ್ಲಿ ಹಳ್ಳಿ ಬಿಡಿಸಿದರು. ಇಲ್ಲಿ ಬ್ರಿಸ್ಬೇನ್‌ನಲ್ಲಿ ನಡುವೆ ಹಲಗೆ ಗೋಡೆ ಎದ್ದಿತು. ಆದರೆ ನೀರಿನ ವಾಲ್ವ್ ಇದ್ದದ್ದು ಆಂಟಿಯ ಅಂಗಳದಲ್ಲಿ, ಕರೆಂಟಿನ ಮೇನ್ ಸ್ವಿಚ್ಚು ಅಂಕಲ್‌ನ ಹಿಂಗೋಡೆಯ ಮೇಲೆ. ಗೋಡೆ ಕಟ್ಟಿದವರಿಗೆ ಇವನ್ನು ಸೀಳಲಾಗಲಿಲ್ಲ. ಪರಸ್ಪರ ಮಾತಿಗೆ ಎಳ್ಳುನೀರು ಬಿಟ್ಟವರು, ಕೊಳಾಯಿಗೆ ನೀರು ಬಿಡುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಗಿಡದ ಬುಡದ ಪೈಪೋ ಇನ್ನೊಂದೋ ರಿಪೇರಿಗೆ ವಾಲ್ವ್ ಮುಚ್ಚಬೇಕಾದಾಗ ಆಂಟಿ ಚಮಚದಿಂದ ಪೈಪಿಗೆ ಎರಡು ಸಲ ಬಡಿಯುತ್ತಿದ್ದರು. ಅಂದರೆ, 'ನೀರು ನಿಲ್ಲಿಸ್ತಾ ಇದೀನಿ, ತುಂಬಿಸ್ಕೋ.' ಅಂಕಲ್ ಒಂದು ಸಲ ಬಡಿದರೆ, 'ಆಯ್ತು.' ಸ್ವಿಚ್ಚು ಆರಿಸುವಾಗ ಅಂಕಲ್ಲೂ ಹಾಗೆಯೇ ಮಾಡುತ್ತಿದ್ದರು. ಬೆಳಿಗ್ಗೆ ಅಂಕಲ್ ಕಾಫಿಗೆ ನೀರು ಹಿಡಿದಾಗ ಪೈಪು ಗುರ್ ಎನ್ನುವುದನ್ನು ಕೇಳಿಯೇ ಆಂಟಿ ತಮ್ಮ ಕಾಫಿಗೆ ಇಡುತ್ತಿದ್ದರು. ಎರಡೂ ಒಂದೇ ಕಾಫಿ, ಆಂಟಿಗೆ ಅದು ಟರ್ಕಿಶ್, ಅಂಕಲ್‌ಗೆ ಗ್ರೀಕ್. ಮೈಸೂರುಪಾಕು ಯಾರದು ಎಂದು ತಮಿಳರ ಜೊತೆ ಕಿತ್ತಾಡುವ ನಮಗೆ ಇದೇನು ಹೊಸದಲ್ಲ ಬಿಡಿ.

"ನಮ್ಮ ರಾಜಧಾನಿಯಲ್ಲಿ ಬಾವುಟ ಎರಡು, ಕಕ್ಕಸಿನ ಪೈಪು ಒಂದೇ," ಎಂದು ಆಂಟಿ ನಗುತ್ತಿದ್ದರು. ನಿಜವಂತೆ. ಊರಿನ ನಡುವೆ ಮುಳ್ಳುತಂತಿ ಎಳೆದಿದ್ದರೂ ಎರಡೂ ಕಡೆಯ ಕೊಳಚೆ ತಂತಿಯಡಿಯಲ್ಲಿ ಹರಿದು ಒಂದೇ ಕಡೆ ಸೇರುತ್ತದಂತೆ. ಹೀಗೆ ನಗುತ್ತಲೇ ಒಮ್ಮೆ ನನ್ನ ಮುಂಗೈ ಬಿಗಿಯಾಗಿ ಹಿಡಿದು ಹೇಳಿದರು. "ಅವನ ನೀರು ನನ್ನ ಕೈಲಿದೆ, ನನ್ನ ದೀಪ ಅವನ ಕೈಲಿದೆ. ಹೀಗಿರೋವರೆಗೆ ಭಯ ಇಲ್ಲ. ಇವೆರಡು ಬೇರೆಬೇರೆ ಆದ ದಿನ ಏನೋ ಆಗುತ್ತೆ, ನೋಡ್ತಿರು ಮಗಳೇ." ಕಾವೇರಿ ಗಲಾಟೆಗಳ ಕಾಲದಲ್ಲಿ, ನೀರು ಬಿಡುವುದು ಎಂಬ ಮಾತಿಗೇ ಶಾಲೆ ಮುಚ್ಚುತ್ತಿದ್ದ ಊರಲ್ಲಿ ಬೆಳೆದ ನನಗೆ ಆ ಮಾತು ಬರಿಯ ತಮಾಷೆ ಅನ್ನಿಸಲಿಲ್ಲ.

ಮರುವರ್ಷ ಜನವರಿಯಲ್ಲಿ ನದಿ ಉಕ್ಕಿ ಬಂತು. ತಗ್ಗಿನ ಬೀದಿಗಳಲ್ಲಿ ಕೆಸರು ನೀರು ಸದ್ದಿಲ್ಲದೆ ಮೆಟ್ಟಿಲೇರಿತು. ದಿಬ್ಬದ ಮೇಲಿದ್ದ ನಮಗೆ ನೀರು ಮುಟ್ಟದಿದ್ದರೂ ಕರೆಂಟು ಹೋಯಿತು. ಆಂಟಿಗೆ ಸಕ್ಕರೆ ಕಾಯಿಲೆ, ಅವರ ಇನ್ಸುಲಿನ್ ಫ್ರಿಜ್ಜಿನಲ್ಲಿತ್ತು. ಆ ಸೆಖೆಗೆ ಅದು ಕೆಟ್ಟರೆ ಮುಂದೇನು ಎಂದು ನಾವು ಕಂಗಾಲಾಗಿ ಕೂತಿದ್ದಾಗ ಹಿತ್ತಿಲಿನಲ್ಲಿ ಜನರೇಟರು ಗುಡುಗುಡು ಅಂತು. ಅಂಕಲ್ ಕಿತ್ತಳೆ ಬಣ್ಣದ ಉದ್ದ ವಯರನ್ನು ಎಳೆದುಕೊಂಡು ಬಂದು, ಅದರ ತುದಿಯನ್ನು ಆಂಟಿಯ ಮೆಟ್ಟಿಲ ಮೇಲಿಟ್ಟು, ತಿರುಗಿ ನೋಡದೆ ಹೊರಟುಹೋದರು. ಆಂಟಿ ಫ್ರಿಜ್ಜನ್ನು ಅದಕ್ಕೆ ಸಿಕ್ಕಿಸಿದರು. ಥ್ಯಾಂಕ್ಸ್ ಇಲ್ಲ, ಏನಿಲ್ಲ. ಒಳಗೆ ಹೋಗಿ ಪೈಪಿಗೆ ಒಂದು ಸಲ ಬಡಿದರು. ನನಗೆ ಅಳು ಬಂದುಬಿಟ್ಟಿತು.

ಅದೇ ವರ್ಷ ಆ ದ್ವೀಪದಲ್ಲೂ ಇಂಥದ್ದೇ ಆಯಿತು. ಅಂಕಲ್ ಕಡೆಯ ದಕ್ಷಿಣದವರ ದೊಡ್ಡ ವಿದ್ಯುತ್ ಕೇಂದ್ರ ಸ್ಫೋಟದಲ್ಲಿ ಹಾಳಾಗಿ, ಉತ್ತರದವರು ಗಡಿಯಾಚೆಗೆ ಕರೆಂಟು ಕಳಿಸಿದರು. ಟಿವಿಯಲ್ಲಿ ಅದನ್ನು ನೋಡಿದ ಆಂಟಿ, "ಈ ಸಲ ನಮ್ಮವರು ಕೊಟ್ರು," ಎಂದು ಹಲಗೆ ಗೋಡೆಗೆ ಕೇಳಿಸುವಷ್ಟು ಜೋರಾಗಿ ಹೇಳಿದರು. ಆಚೆ ಕಡೆ ಟಿವಿಯ ದನಿ ಸ್ವಲ್ಪ ಏರಿತು.

ಅಂಕಲ್‌ನ ಮಗ ಅಡಿಲೇಡ್‌ನಲ್ಲಿ, ಆಂಟಿಯ ಮಗಳು ಪರ್ತ್‌ನಲ್ಲಿ. ಅವರಿಬ್ಬರಿಗೂ ಜಗಳವೇ ಇರಲಿಲ್ಲ, ಬರ್ತ್‌ಡೇಗೆ ಮೆಸೇಜು ಕಳಿಸಿಕೊಳ್ಳುತ್ತಿದ್ದರು. ಒಂದೆರಡು ವರ್ಷದ ಮೇಲೆ ಅವರೇ ಮಾತಾಡಿಕೊಂಡು, ವಯಸ್ಸಾದವರಿಗೆ ಸುಮ್ಮನೆ ಕಿರಿಕಿರಿ, ನೀರು, ಕರೆಂಟು ಎರಡನ್ನೂ ಬೇರೆ ಮಾಡಿಬಿಡೋಣ ಎಂದು ತೀರ್ಮಾನಿಸಿದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. "ಒಳ್ಳೇದಾಯ್ತು ಬಿಡು," ಎಂದರು ನನ್ನ ಗಂಡ. "ನಮ್ಮ ವಠಾರದಲ್ಲಿ ಮೋಟರ್ ಆನ್ ಮಾಡೋ ವಿಷಯಕ್ಕೇ ದಿನಾ ಹೊಡೆದಾಟ. ಬೇರೆ ಮೀಟರ್ ಹಾಕಿಸಿದ್ಮೇಲೇ ಎಲ್ಲ ತಣ್ಣಗಾಗಿದ್ದು."

ತಣ್ಣಗಾಗುವುದಕ್ಕೇ ಆಂಟಿ ಹೆದರಿದ್ದರು. ಕೆಲಸದವರು ಬಂದ ದಿನ ವಾಲ್ವ್ ಇದ್ದ ಗುಂಡಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಪ್ಲಂಬರ್ ಹುಡುಗ ಮರ್ಯಾದೆಯಿಂದಲೇ, "ನೋ ವರೀಸ್ ಲವ್, ಈ ಮಧ್ಯಾಹ್ನಾನೇ ಮುಗಿಸ್ಬಿಡ್ತೀವಿ," ಎಂದ. ಮಗಳು ಫೋನಿನಲ್ಲಿ ಗದರಿದ ಮೇಲೆ ಆಂಟಿ ಎದ್ದರು. ನಾನು ಕುರ್ಚಿ ಎತ್ತಿಕೊಂಡು ಹಿಂದೆ ಹೋದೆ. ನೋಡಿದರೆ ಹಿತ್ತಿಲಿನಲ್ಲಿ ಅಂಕಲ್ಲೂ ಸ್ವಿಚ್ಚು ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಿದ್ದರು. ಅವರನ್ನು ಯಾರು ಹೇಗೆ ಒಪ್ಪಿಸಿದರೋ ಗೊತ್ತಿಲ್ಲ. ಸಂಜೆಯೊಳಗೆ ತಾಮ್ರದ ಪೈಪುಗಳು ಕಿತ್ತು ಗೇಟಿನ ಹತ್ತಿರ ಬಿದ್ದಿದ್ದವು. ಅವುಗಳ ಜಾಗದಲ್ಲಿ ಎರಡು ಬೇರೆ ಬಿಳಿ ಪ್ಲಾಸ್ಟಿಕ್ ಪೈಪುಗಳು, ಹೊರಗೋಡೆಯ ಎರಡು ಬದಿಯಲ್ಲಿ.

ಆಮೇಲೆ ಮನೆ ಸುಮ್ಮನಾಯಿತು. ನನ್ನ ಒಲೆಯ ಮೇಲೆ ಸದ್ದಿಲ್ಲ. ಹೆದರಿಸುತ್ತಿದ್ದ ಸದ್ದೇ ಇಲ್ಲದಾಗ ಹೆದರಿಕೆ ಹೆಚ್ಚಾಯಿತೆಂದರೆ ನಂಬುತ್ತೀರಾ? ಆಂಟಿಯ ಕಾಫಿಯ ಹೊತ್ತು ತಪ್ಪಿತು. ಬೆಳಿಗ್ಗೆ ಕೆಳಗಿಳಿದು ಬಂದು, "ನಿಂಗೇನಾದ್ರೂ ಕೇಳಿಸ್ತಾ?" ಎನ್ನುತ್ತಿದ್ದರು. "ಪ್ಲಾಸ್ಟಿಕ್ಕು ಆಂಟಿ, ಕೇಳಿಸಲ್ಲ," ಅಂದರೆ ತಲೆಯಾಡಿಸಿ, ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಿಲ ದೀಪವನ್ನು ಇಣುಕಿ ನೋಡುತ್ತಿದ್ದರು. ಹೋಗಿ ಬಾಗಿಲು ತಟ್ಟಿ ಎಂದು ಒಮ್ಮೆ ಹೇಳಿದೆ. ಅವರು ನನ್ನನ್ನು ನೋಡಿದ ರೀತಿಗೆ ಮತ್ತೆ ಹೇಳಲಿಲ್ಲ. ಆ ಬಾಗಿಲು ತಟ್ಟುವುದೆಂದರೆ ತಮ್ಮನನ್ನು ಇನ್ನೊಮ್ಮೆ ಕಳೆದುಕೊಂಡಂತೆ ಅವರಿಗೆ.

ದೀಪಾವಳಿಗೆ ಫಾರೆಸ್ಟ್ ಲೇಕ್‌ನ ಗೆಳೆಯರೊಬ್ಬರು ಕರೆದಿದ್ದರು. ಹೋಳಿಗೆ ಊಟ, ಹರಟೆ, ರಾತ್ರಿ ಅಲ್ಲೇ ಉಳಿದೆವು. ಮರುದಿನ ಬಂದು ಕಾರು ನಿಲ್ಲಿಸುತ್ತಿದ್ದಂತೆ ಗೇಟಿನಲ್ಲಿ ಆಂಟಿ. ತಲೆ ಬಾಚಿರಲಿಲ್ಲ. "ಹಗಲು ಹೊತ್ತಲ್ಲೂ ಅವನ ದೀಪ ಉರೀತಿದೆ. ನೀವು ಹೋಗಿ ನೋಡಿ," ಅಂದರು. ಗಂಡ ಹಿತ್ತಿಲಿಗೆ ಓಡಿ ಕಿಟಕಿಯಲ್ಲಿ ನೋಡಿ ಅಲ್ಲಿಂದಲೇ ಆಂಬ್ಯುಲೆನ್ಸಿಗೆ ಫೋನು ಮಾಡಿದರು.

ಬಾಗಿಲು ಒಡೆದು ಒಳಗೆ ಹೋದವರ ಹಿಂದೆ ನಾನೂ ಹೋದೆ. ಅಂಕಲ್ ಬಚ್ಚಲಿನ ನೆಲದ ಮೇಲೆ ಬಿದ್ದಿದ್ದರು. ಪಾರ್ಶ್ವವಾಯು ಹೊಡೆದು ಹಿಂದಿನ ದಿನವೇ ಬಿದ್ದಿರಬೇಕು ಎಂದರು ಆಂಬ್ಯುಲೆನ್ಸಿನವರು. ಇನ್ನೂ ಉಸಿರಿತ್ತು. ಆಡುತ್ತಿದ್ದ ಒಂದು ಕೈಯಲ್ಲಿ ಸ್ಪ್ಯಾನರು. ಪಕ್ಕದಲ್ಲಿ ಹೊರಗಿಂದ ಒಳಬಂದ ಬಿಳಿ ಪೈಪಿನ ಮೇಲೆ, ಕೈಗೆಟಕುವಷ್ಟು ಜಾಗದಲ್ಲೆಲ್ಲ, ಬಡಿದ ಗುರುತುಗಳು...

ತಿರುಗಿ ನೋಡಿದರೆ ಬಾಗಿಲಲ್ಲಿ ಆಂಟಿ ನಿಂತಿದ್ದರು. ಹಲಗೆ ಗೋಡೆ ಎದ್ದ ಮೇಲೆ ಮೊದಲ ಸಲ ಅವರು ಈ ಕಡೆಗೆ ಬಂದದ್ದು. ಪೈಪನ್ನೇ ನೋಡುತ್ತಿದ್ದರು. "ನಂಗೆ ಕೇಳಿಸ್ಲಿಲ್ಲ ಮಗಳೇ," ಎಂದರು. ಆಮೇಲೆ ತಮ್ಮ ಭಾಷೆಯಲ್ಲಿ ಅದನ್ನೇ ಅಂಕಲ್‌ಗೆ ಹೇಳಿದರು. ಸ್ಟ್ರೆಚರಿನ ಮೇಲೆ ಮಲಗಿಸಿದ್ದ ಅಂಕಲ್‌ನ ಕಣ್ಣು ತೆರೆದೇ ಇತ್ತು. ಅವರಿಗೆ ತಿಳಿಯಿತೋ ಇಲ್ಲವೋ. ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ಮನೆ ಮಾರಿದರು. ಆಂಟಿಯನ್ನು ಮಗಳು ಪರ್ತ್‌ಗೆ ಕರೆದುಕೊಂಡು ಹೋದಳು. ನಾವು ಬ್ರಿಸ್ಬೇನ್‌ನ ಇಂಡೂರೂಪಿಲ್ಲಿಯಲ್ಲಿ ಬೇರೆ ಮನೆ ಹಿಡಿದೆವು. ಮೊದಮೊದಲು ಫೋನು, ಆಮೇಲೆ ಹಬ್ಬಕ್ಕೊಂದು ಮೆಸೇಜು, ಆಮೇಲೆ ಅದೂ ಇಲ್ಲ. ಹೋದ ವರ್ಷ ಗಂಡನ ಕೆಲಸ ನಮ್ಮನ್ನೂ ಪರ್ತ್‌ಗೇ ತಂದಿತು. ಇವತ್ತು ಹೋಗೋಣ, ನಾಳೆ ಹೋಗೋಣ ಅನ್ನುತ್ತಲೇ ಇದ್ದೆ. ಸಾಬೂನಿನ ವಾಸನೆ ಬಂದ ಸಂಜೆ ಹಳೆಯ ನಂಬರು ಹುಡುಕಿ ಫೋನು ಮಾಡಿದೆ. ಮಗಳು ಎತ್ತಿದಳು. ಆಂಟಿ ಹೋಗಿ ಎರಡು ವರ್ಷವಾಗಿತ್ತು.

ಭಾನುವಾರ ಅವಳ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟು ಹೇಳಿದಳು. ಕೊನೆಯ ತಿಂಗಳುಗಳಲ್ಲಿ ಅಮ್ಮನಿಗೆ ಮರೆವು ಹೆಚ್ಚಾಗಿತ್ತಂತೆ, ಹಾಸಿಗೆಯಿಂದ ಎದ್ದು ಹೋಗಿ ಚಮಚದಿಂದ ಸಿಂಕಿನ ಕೊಳಾಯಿಗೆ ಬಡಿಯುತ್ತಿದ್ದರಂತೆ. "ಎರಡು ಸಲ ಬಡೀತಾರೆ, ಕಿವಿಗೊಟ್ಟು ಕಾಯ್ತಾರೆ, ಮತ್ತೆ ಎರಡು ಸಲ. ಯಾರನ್ನೋ ಸಹಾಯಕ್ಕೆ ಕರೀತಿದಾರೆ ಅನ್ಸಿ ನಾನು ಓಡಿ ಹೋಗ್ತಿದ್ದೆ."

"ಕರೀತಿರ್ಲಿಲ್ಲ," ಅಂದೆ.

"ಮತ್ತೆ?"

"ನೀರು ನಿಲ್ಲಿಸ್ತಾ ಇದೀನಿ, ತುಂಬಿಸ್ಕೋ ಅಂತ ಅಂಕಲ್‌ಗೆ ಹೇಳ್ತಿದ್ರು."

ಅವಳು ಸಿಂಕಿನ ಕಡೆ ತಿರುಗಿದಳು. "ನಾನು ಆ ಚಮಚ ಕೈಗೆ ಸಿಗದ ಹಾಗೆ ಎತ್ತಿಟ್ಬಿಟ್ಟಿದ್ದೆ," ಎಂದಳು. ಒಂದೇ ಊರಿನಲ್ಲಿ ಒಂದು ವರ್ಷವಿದ್ದು, ಆಂಟಿ ಇದ್ದಾರೆಂದೇ ತಿಳಿದುಕೊಂಡಿದ್ದವಳು ನಾನು. ಕಾಫಿ ಮುಗಿಸಿ, ಅವಳನ್ನು ತಬ್ಬಿಕೊಂಡು, ಮನೆಗೆ ಬಂದೆ.