ಹಿಲಕ್ ಅಂದರೆ ನಮ್ಮ ಬೋರೆ

ನಿನ್ನೆ ಮಳವಳ್ಳಿಯಲ್ಲಿ ಮಗಳಿಗೆಂದು ಇಂಗ್ಲಿಷ್ ನಿಘಂಟು ಕೊಂಡೆ. ಹೊಸ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ಸುಧಾಳ ಮೇಲಿನ ಹಳೆಯ ಹೊಟ್ಟೆಕಿಚ್ಚು ಎದ್ದು ಕೂತಿತು. ನಮ್ಮ ಕ್ಲಾಸಿನಲ್ಲಿ ನಿಘಂಟು ಇದ್ದದ್ದು ಪಟೇಲರ ಮಗಳಾದ ಅವಳೊಬ್ಬಳ ಹತ್ತಿರ.

ಒಂದು ದಿನ ಮೇಷ್ಟ್ರು 'ಹಿಲಕ್' ಅಂದರೇನು, ವಾಕ್ಯ ಮಾಡಿ ಅಂದರು. ಸುಧಾ ಎದ್ದು, "ಸಣ್ಣ ಗುಡ್ಡ ಸಾರ್" ಅಂದಳು. 'ಹಿಲಕ್ ಮೇಲೆ ನಮ್ಮ ದನಗಳು ಮೇಯುತ್ತವೆ' ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮೇಷ್ಟ್ರು ಚಪ್ಪಾಳೆ ಹೊಡೆಸಿದರು.

ಆ ಗುಡ್ಡ ಕಿರುಗಾವಲಿನಾಚೆಯ ನಮ್ಮ ಬೋರೆ. ಸುಧಾ ಅದನ್ನು ಒಂದು ದಿನವೂ ಹತ್ತಿದವಳಲ್ಲ. ಅವರ ದನ ಮೇಯಿಸುತ್ತಿದ್ದವಳು ನನ್ನವ್ವ. ದವಡೆಯಲ್ಲಿ ಎಲೆಅಡಿಕೆ ಒತ್ತಿಕೊಂಡು, ಒಂದೊಂದು ಹಸುವನ್ನೂ ಹೆಸರು ಹಿಡಿದು ಬೈಯುತ್ತಿದ್ದಳು.

ಅವತ್ತು ಸಂಜೆ ಅವ್ವನ ಮುಂದೆ ಅತ್ತುಬಿಟ್ಟೆ. "ಬೋರೆ ಮೇಲೆ ಸಾಯೋಳು ನೀನು, ಚಪ್ಪಾಳೆ ಅವ್ಳ್ಗೆ ಕಣವ್ವ."

"ಅದ್ಕ್ಯಾಕಮ್ಮಿ ಒಟ್ಟೆ ಉರ್ಕತೀಯ? ದನ ತಾವೇ ಮೇಯ್ಕಂಬತ್ತವೆ ಅಂತ ತಿಳ್ಕಂಡವ್ಳೆ, ಬುಡು," ಎಂದು ಅವ್ವ ನಕ್ಕಳು.

ನಾನು ನಗಲಿಲ್ಲ.

ಇವತ್ತು ಮಗಳ ಹೋಂವರ್ಕಿನಲ್ಲೂ ಅದೇ ಪದ ಬಂದಿತ್ತು. 'ಹಿಲಕ್ ಮೇಲೆ ನಮ್ಮಜ್ಜಿ ನಿಂಗಮ್ಮ ಪಟೇಲರ ದನ ಮೇಯಿಸುತ್ತಿದ್ದಳು' ಎಂದು ಬರೆಸಿದೆ. ಹೊಟ್ಟೆಕಿಚ್ಚಿಗೇ ಬರೆಸಿದ್ದು. ನನಗೇನೂ ನಾಚಿಕೆಯಿಲ್ಲ.